ಕೋಸ್ಟಾ ಬ್ರಾವಾದಲ್ಲಿ ಸ್ನಾರ್ಕ್ಲಿಂಗ್: ಯಾವ ಬೋಟ್ ಹತ್ತಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾರ್ಸಿಲೋನಾದಲ್ಲಿ ನೆಲೆಸಿ ಒಂದಷ್ಟು ವರ್ಷವಾಯಿತು. ಬೇಸಿಗೆ ಬಂತೆಂದರೆ ಊರಿನಿಂದ ಫೋನ್ ಶುರು. ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು. ಬಾರ್ಸಿಲೋನಾದೊಳಗೆ ಏನು ನೋಡಬೇಕು ಎನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಸಮುದ್ರದ ವಿಷಯ. ಫೋನಿನಲ್ಲಿ, ಪತ್ರದಲ್ಲಿ, ಊಟದ ಮೇಜಿನ ಮುಂದೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ.

## ಏನೂ ಗೊತ್ತಿಲ್ಲದವರಿಗೆ

ಸ್ನಾರ್ಕ್ಲಿಂಗ್ ಅಂದ್ರೆ ಸ್ಕೂಬಾನೇ ಅಲ್ವಾ?

ಅಲ್ಲ. ಸ್ಕೂಬಾದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುತ್ತಾರೆ, ಅದಕ್ಕೆ ತರಬೇತಿ ಬೇಕು. ಸ್ನಾರ್ಕ್ಲಿಂಗ್‌ನಲ್ಲಿ ನೀರಿನ ಮೇಲೆ ಬೋರಲು ತೇಲುತ್ತಾ ಕೆಳಗೆ ನೋಡುತ್ತೀರಿ. ಕಣ್ಣು ಮೂಗು ಮುಚ್ಚುವ ಮಾಸ್ಕ್, ಬಾಯಲ್ಲಿ ಒಂದು ಕೊಳವೆ, ಕಾಲಿಗೆ ಬಾತುಕೋಳಿ ಪಾದದಂಥ ಫಿನ್. ಸಾಮಾನು ಇಷ್ಟೇ.

ಕೆಲವು ಬೋಟಿನಲ್ಲಿ ಎರಡೂ ಗುಂಪನ್ನು ಒಟ್ಟಿಗೆ ಕರೆದುಕೊಂಡು ಹೋಗುತ್ತಾರೆ. ಆಗ ಬೋಟ್ ನಿಲ್ಲುವುದು ಸ್ಕೂಬಾದವರಿಗೆ ಬೇಕಾದ ಆಳದಲ್ಲಿ. ನೀವು ಮುಖ ಮುಳುಗಿಸಿದರೆ ಕೆಳಗೆ ಬರೀ ನೀಲಿ. ಸ್ನಾರ್ಕ್ಲಿಂಗ್‌ಗೆ ಎರಡರಿಂದ ಆರು ಮೀಟರ್ ಆಳದ ಬಂಡೆಯ ಜಾಗ ಚೆನ್ನ. ಹಾಗಾಗಿ ಸ್ನಾರ್ಕ್ಲಿಂಗ್‌ಗೆ ಅಂತಲೇ ಹೊರಡುವ ಬೋಟ್ ಹುಡುಕಿ.

ಇಷ್ಟು ಉದ್ದದ ಕರಾವಳಿಯಲ್ಲಿ ಎಲ್ಲಿಗೆ ಹೋಗಲಿ?

ಸ್ಪೇನಿನ ಈಶಾನ್ಯ ಮೂಲೆಯಲ್ಲಿ, ಬ್ಲಾನೆಸ್ ಊರಿನಿಂದ ಫ್ರಾನ್ಸ್ ಗಡಿಯವರೆಗಿನ ಕರಾವಳಿಯೇ ಕೋಸ್ಟಾ ಬ್ರಾವಾ. ಒರಟು ಕರಾವಳಿ ಅಂತ ಅರ್ಥ. ಹಳೆಯ ಹೆಸರಲ್ಲ, 1908ರಲ್ಲಿ ಪತ್ರಿಕೆಗೆ ಬರೆಯುತ್ತಿದ್ದ ಫೆರಾನ್ ಅಗುಲ್ಯೋ ಬಳಸಿದ ಮೇಲೆ ನಿಂತ ಹೆಸರು. ಹೆಸರಿಗೆ ತಕ್ಕ ಹಾಗೆ ಇಲ್ಲಿ ಬಂಡೆ ಜಾಸ್ತಿ, ಮರಳು ಕಡಿಮೆ. ಮೀನು ನೋಡುವವರಿಗೆ ಅದೇ ಒಳ್ಳೆಯದು.

ಮೊದಲ ಸಲ ಬರುವವರಿಗೆ ನನ್ನ ಉತ್ತರ ಒಂದೇ: ಲೆಸ್ತಾರ್ತಿತ್. ಸಣ್ಣ ಊರು. ಎದುರಿಗೇ ಮೆಡೆಸ್ ದ್ವೀಪಗಳು, ಏಳು ಪುಟ್ಟ ನಡುಗಡ್ಡೆ. ದಡದಿಂದ ಸುಮಾರು ಒಂದು ಕಿಲೋಮೀಟರ್, ಬೋಟಿನಲ್ಲಿ ಹತ್ತು ಹದಿನೈದು ನಿಮಿಷ. 1983ರಿಂದ ಈ ದ್ವೀಪಗಳ ಸುತ್ತ ಮೀನು ಹಿಡಿಯುವಂತಿಲ್ಲ. ನಲವತ್ತು ವರ್ಷ ಬಲೆ ಬೀಳದ ಜಾಗ ಹೇಗಿರುತ್ತದೆ ಎಂದು ಅಲ್ಲಿಗೆ ಹೋದರೇ ಗೊತ್ತಾಗುವುದು. ಮೀನುಗಳು ಮನುಷ್ಯರನ್ನು ಕಂಡರೆ ಓಡುವುದಿಲ್ಲ. ಕೆಲವು ಹತ್ತಿರ ಬಂದು ನಿಮ್ಮನ್ನೇ ನೋಡುತ್ತವೆ. ಹತ್ತಿರದಲ್ಲೇ ತೇರ್ ನದಿ ಸಮುದ್ರ ಸೇರುತ್ತದೆ. ಅದು ಹೊತ್ತು ತರುವ ಪೋಷಕಾಂಶವೂ ಇಲ್ಲಿನ ಜೀವಗಳಿಗೆ ಆಧಾರ. 2010ರಲ್ಲಿ ದ್ವೀಪಗಳು, ಹಿಂದಿನ ಮೊಂಗ್ರಿ ಬೆಟ್ಟ, ನದಿಯ ಬಯಲು ಎಲ್ಲ ಸೇರಿ ನ್ಯಾಚುರಲ್ ಪಾರ್ಕ್ ಆಯಿತು.

ದ್ವೀಪದ ಮೇಲೆ ಇಳಿಯಲು ಬಿಡುವುದಿಲ್ಲ. ಅದು ಕಡಲ ಹಕ್ಕಿಗಳ ಊರು, ಗಲಾಟೆ ದೂರದಿಂದಲೇ ಕೇಳಿಸುತ್ತದೆ.

ನನಗೆ ಈಜು ಬರಲ್ಲ. ಹೋಗಬಹುದಾ?

ಬೋಟ್ ನಡೆಸುವವರನ್ನು ಕೇಳಿದರೆ "ಲೈಫ್ ಜಾಕೆಟ್ ಇದೆ, ಬನ್ನಿ" ಅಂದುಬಿಡಬಹುದು. ನಾನು ಅಷ್ಟು ಸುಲಭಕ್ಕೆ ಹೂಂ ಅನ್ನುವುದಿಲ್ಲ. ಲೈಫ್ ಜಾಕೆಟ್ ನಿಮ್ಮನ್ನು ತೇಲಿಸುತ್ತದೆ, ನಿಮ್ಮ ಭಯವನ್ನು ತೆಗೆಯುವುದಿಲ್ಲ. ಕೊಳವೆಯೊಳಗೆ ಒಂದು ಗುಟುಕು ಉಪ್ಪುನೀರು ಬಂದಾಗ ಈಜು ಬರುವವರು ಊದಿ ಹೊರಹಾಕುತ್ತಾರೆ. ಬಾರದವರು ಗಾಬರಿಯಲ್ಲಿ ಮಾಸ್ಕನ್ನೇ ಕಿತ್ತು ಹಾಕುತ್ತಾರೆ.

ಹೊರಡುವ ಮುಂಚೆ ಊರಿನ ಈಜುಕೊಳದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿ. ಮುಖ ನೀರಿನಲ್ಲಿಟ್ಟು ಬಾಯಿಯಿಂದ ಉಸಿರಾಡಲು ಬಂದರೆ ಅರ್ಧ ಕೆಲಸ ಮುಗಿಯಿತು. ಇಲ್ಲಿಗೆ ಬಂದ ಮೇಲೆ ಮೊದಲ ದಿನ ದಡದಲ್ಲೇ, ಎದೆಮಟ್ಟದ ನೀರಿನಲ್ಲಿ ನೋಡಿ. ಹತ್ತು ನಿಮಿಷ ನೆಮ್ಮದಿಯಾಗಿ ಉಸಿರಾಡಿದಿರಾ? ಹಾಗಾದರೆ ಮರುದಿನ ಬೋಟ್ ಹತ್ತಿ. ಬುಕ್ ಮಾಡುವಾಗಲೇ "ಈಜು ಬರಲ್ಲ" ಎಂದು ಹೇಳಿ, ನಾಚಿಕೆ ಬೇಡ. ಹೃದಯದ ತೊಂದರೆ, ಆಸ್ತಮಾ ಇದ್ದವರು ಡಾಕ್ಟರನ್ನು ಕೇಳದೆ ಇಳಿಯಬೇಡಿ.

ನೇತ್ರಾಣಿಯಲ್ಲಿ ಮಾಡಿದ್ದೀವಿ. ಇದೂ ಹಾಗೇನಾ?

ಬೋಟ್ ಹತ್ತುವುದು, ನೀರಿಗೆ ಇಳಿಯುವುದು ಅದೇ. ಸಮುದ್ರ ಮಾತ್ರ ಬೇರೆ.

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಲು ಹೆಚ್ಚು ಕಡಿಮೆ ಇಪ್ಪತ್ತು ಕಿಲೋಮೀಟರ್ ಕಡಲು ದಾಟಬೇಕು. ಮೆಡೆಸ್ ದಡದಿಂದಲೇ ಕಾಣಿಸುತ್ತದೆ. ಅಲ್ಲಿ ನೀರು ಬೆಚ್ಚಗೆ, ಇಲ್ಲಿ ಆಗಸ್ಟಿನಲ್ಲೂ ತಣ್ಣಗೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಮಳೆಗಾಲದಲ್ಲಿ ಆಳದ ನೀರು ಮೇಲೆ ಬರುತ್ತದೆ, ಜೊತೆಗೆ ಪೋಷಕಾಂಶವೂ ಬರುತ್ತದೆ. ಅದಕ್ಕೇ ನಮ್ಮಲ್ಲಿ ಬಂಗುಡೆ, ಬೂತಾಯಿ ಅಷ್ಟು ಸಿಗುವುದು. ಅದಕ್ಕೇ ನೀರು ಹಸಿರಾಗಿ, ಮಬ್ಬಾಗಿ ಇರುವುದೂ. ಮೆಡಿಟರೇನಿಯನ್ ಬಡ ಸಮುದ್ರ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು ಕಡಿಮೆ, ಆದ್ದರಿಂದಲೇ ಅದು ಅಷ್ಟು ತಿಳಿ. ಒಳ್ಳೆಯ ದಿನ ಹದಿನೈದು ಮೀಟರ್ ಕೆಳಗಿನ ಬಂಡೆಯೂ ಕಾಣಿಸುತ್ತದೆ.

ಹಾಗಾಗಿ ಉಷ್ಣವಲಯದ ಬಣ್ಣಬಣ್ಣದ ಹವಳದ ದಿಬ್ಬ ಇಲ್ಲಿ ನಿರೀಕ್ಷಿಸಬೇಡಿ. ಇಲ್ಲಿ ಬಂಡೆ, ಬಿರುಕು, ಗುಹೆ, ಹುಲ್ಲುಗಾವಲು. ಕಣ್ಣು ಪಳಗಲು ಐದು ನಿಮಿಷ ಬೇಕು. ಆಮೇಲೆ ಒಂದೊಂದೇ ಕಾಣತೊಡಗುತ್ತದೆ. ಇನ್ನೊಂದು ಲಾಭ: ಲೀಟರಿಗೆ ಸುಮಾರು 38 ಗ್ರಾಂ ಉಪ್ಪು ಇರುವ ನೀರು ಇದು, ನಮ್ಮ ಕಡಲಿಗಿಂತ ಸ್ವಲ್ಪ ಸುಲಭವಾಗಿ ತೇಲಿಸುತ್ತದೆ. ಇಲ್ಲಿ ಉಬ್ಬರ ಇಳಿತವೂ ಲೆಕ್ಕಕ್ಕೇ ಇಲ್ಲ ಎನ್ನುವಷ್ಟು ಕಡಿಮೆ, ಅದರ ವೇಳಾಪಟ್ಟಿ ನೋಡುವ ಕೆಲಸ ಉಳಿಯಿತು.

ಯಾವ ತಿಂಗಳು ಬರಲಿ?

ಕೈಗೆ ರಜೆ ಸಿಗುವ ಹಾಗಿದ್ದರೆ ಸೆಪ್ಟೆಂಬರ್. ಬೇಸಿಗೆಯ ಬಿಸಿಲು ಕುಡಿದ ನೀರು ಆಗ 22 ಡಿಗ್ರಿ ಆಸುಪಾಸು ಇರುತ್ತದೆ, ಶಾಲೆಗಳು ಶುರುವಾಗಿ ಜನ ಕರಗಿರುತ್ತಾರೆ. ಜುಲೈ, ಆಗಸ್ಟ್ ನೀರಿಗೆ ಚೆನ್ನ, ಆದರೆ ಜಾತ್ರೆ. ಜೂನ್ ಮೊದಲ ಭಾಗದಲ್ಲಿ ಬಿಸಿಲು ಸುಡುತ್ತದೆ, ನೀರು ಮಾತ್ರ ಕೊರೆಯುತ್ತದೆ. ಏಪ್ರಿಲ್, ಮೇ ನಮ್ಮ ಮಕ್ಕಳ ರಜೆ, ಅದಕ್ಕೇ ತುಂಬಾ ಜನ ಆಗ ಬರುತ್ತಾರೆ. ಆಗ ನೀರು 14ರಿಂದ 17 ಡಿಗ್ರಿ. ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು, ದಪ್ಪ ವೆಟ್‌ಸೂಟ್, ಇಲ್ಲದೆ ಆಗುವ ಮಾತಲ್ಲ.

ಲೆಸ್ತಾರ್ತಿತ್‌ನಲ್ಲಿ ನೀರಿನ ತಾಪಮಾನದ ಲೆಕ್ಕ ಊಹೆಯಲ್ಲ. ಜೋಸೆಪ್ ಪಾಸ್ಕುವಲ್ ಎಂಬ ಹವಾಮಾನ ಆಸಕ್ತರು 1970ರ ದಶಕದಿಂದ ಸಣ್ಣ ದೋಣಿಯಲ್ಲಿ ಹೋಗಿ ಬೇರೆ ಬೇರೆ ಆಳದಲ್ಲಿ ತಾಪಮಾನ ಅಳೆದು ಬರೆದಿಡುತ್ತಾ ಬಂದರು. ಮೆಡಿಟರೇನಿಯನ್ ಬಿಸಿಯಾಗುತ್ತಿದೆ ಎನ್ನಲು ವಿಜ್ಞಾನಿಗಳು ಇಂದಿಗೂ ಆ ಲೆಕ್ಕ ತೆಗೆದು ನೋಡುತ್ತಾರೆ.

ಬಾರ್ಸಿಲೋನಾದಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಾ?

ಕಾರಿದ್ದರೆ ಆರಾಮ, ಸುಮಾರು 140 ಕಿ.ಮೀ. ಬಸ್ಸಿನಲ್ಲಿ ಕಷ್ಟ. ರೈಲಿನಲ್ಲಾದರೆ ಜಿರೋನಾಗೆ ವೇಗದ ರೈಲು ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ, ಅಲ್ಲಿಂದ ಮತ್ತೆ ಬಸ್ಸು. ಬೆಳಗಿನ ಬೋಟ್ ತಪ್ಪಿಸಿಕೊಂಡು ಬಂದರದಲ್ಲಿ ಐಸ್‌ಕ್ರೀಮ್ ತಿಂದು ವಾಪಸಾದ ಸಂಸಾರಗಳನ್ನು ನೋಡಿದ್ದೇನೆ. ಒಂದು ರಾತ್ರಿ ಅಲ್ಲೇ ಉಳಿಯಿರಿ.

## ಬುಕ್ ಮಾಡುವ ಮುಂಚೆ

ಎಲ್ಲ ಬೋಟಿನ ಫೋಟೋನೂ ಒಂದೇ ಥರ ಇದೆ. ಹೇಗೆ ಆರಿಸೋದು?

ಫೋಟೋ ಬಿಡಿ. ಎಲ್ಲರೂ ತೆಗೆದಿರುವುದು ಅದೇ ನೀಲಿ ನೀರನ್ನು.

ನಾನು ಮೊದಲ ಸಲ ಹೋದದ್ದು "ಐದು ಗಂಟೆಯ ಸ್ನಾರ್ಕ್ಲಿಂಗ್ ಕ್ರೂಸ್" ಎಂಬ ಒಂದು ಟ್ರಿಪ್ಪಿಗೆ. ನಲವತ್ತು ಜನ. ಜೋರು ಹಾಡು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಊಟಕ್ಕೆ ಒಂದು ಗಂಟೆ. ಸಾಮಾನು ಹಂಚಲು ಅರ್ಧ ಗಂಟೆಗಿಂತ ಜಾಸ್ತಿ. ನನ್ನ ಸರದಿ ಬಂದಾಗ ಉಳಿದದ್ದು ಬಿಗಿಯಾದ ಒಂದು ಮಾಸ್ಕ್, ಎರಡೂ ಎಡಗಾಲಿನ ಫಿನ್. ನೀರಿನಲ್ಲಿ ಇದ್ದದ್ದು 35 ನಿಮಿಷ. ಅದರಲ್ಲೂ ಹತ್ತು ನಿಮಿಷ ಮಾಸ್ಕಿನ ನೀರು ಚೆಲ್ಲುವುದರಲ್ಲೇ ಹೋಯಿತು. ಮೀನಿಗಿಂತ ಜನರ ಕಾಲೇ ಜಾಸ್ತಿ ಕಂಡವು.

ಅಂದಿನಿಂದ ಬುಕ್ ಮಾಡುವ ಮುಂಚೆ ಮೊದಲು ಕೇಳುವುದು ಒಂದೇ: ನೀರಿನೊಳಗೆ ಎಷ್ಟು ನಿಮಿಷ? ಒಟ್ಟು ಎಷ್ಟು ಗಂಟೆಯ ಟ್ರಿಪ್ ಅಂತಲ್ಲ, ಎಷ್ಟು ಕಡೆ ನಿಲ್ಲಿಸುತ್ತೀರಿ ಅಂತಲೂ ಅಲ್ಲ. ಎರಡು ಗಂಟೆಯ ಟ್ರಿಪ್ಪಿನಲ್ಲಿ ಒಂದು ಗಂಟೆ ನೀರಿನಲ್ಲಿದ್ದರೆ ಅದು ಒಳ್ಳೆಯ ಟ್ರಿಪ್. ಥಟ್ಟನೆ ಉತ್ತರ ಕೊಟ್ಟರೆ ಅವರಿಗೆ ತಮ್ಮ ಕೆಲಸ ಗೊತ್ತು. "ಅದು ನೋಡಿ, ಪರಿಸ್ಥಿತಿ ಮೇಲೆ" ಎಂದು ಎಳೆದರೆ ಅದು ಊಟದ ಬೋಟ್.

ಆಮೇಲೆ ಗೈಡ್ ವಿಷಯ. ಗೈಡ್ ನಿಮ್ಮ ಜೊತೆ ನೀರಿಗೆ ಇಳಿಯುತ್ತಾರಾ, ಇಲ್ಲ ಬೋಟಿನಲ್ಲಿ ನಿಂತು ಕೈ ತೋರಿಸುತ್ತಾರಾ? ಇಳಿದರೆ ಒಬ್ಬರಿಗೆ ಎಷ್ಟು ಜನ? ಎಂಟು ಹತ್ತು ಜನರಾದರೆ ಸರಿ. ಗೈಡ್ ಇಳಿದರೆ ಬಂಡೆಯ ಬಿರುಕಿನಲ್ಲಿ ಕೂತ ಆಕ್ಟೋಪಸ್ ತೋರಿಸುತ್ತಾರೆ. ನೀವೊಬ್ಬರೇ ಹೋದರೆ ಅದು ನಿಮಗೆ ಕಲ್ಲಾಗಿಯೇ ಕಾಣುತ್ತದೆ.

ಮೂರನೆಯದು ನಾನು ಸುಮ್ನೆ ಪರೀಕ್ಷೆಗೆ ಕೇಳುವ ಪ್ರಶ್ನೆ: "ನಾಳೆ ಯಾವ ಜಾಗಕ್ಕೆ ಹೋಗುತ್ತೀರಿ?" ಒಳ್ಳೆಯ ಕ್ಯಾಪ್ಟನ್ "ಬೆಳಿಗ್ಗೆ ಗಾಳಿ ನೋಡಿ ಹೇಳುತ್ತೇನೆ" ಅನ್ನುತ್ತಾರೆ. ಈ ಒಂದು ಪ್ರಶ್ನೆಗೆ ಮಾತ್ರ "ಗೊತ್ತಿಲ್ಲ" ಎನ್ನುವವರೇ ಸರಿ.

ದೊಡ್ಡ ಕ್ಯಾಟಮರಾನಾ, ಸಣ್ಣ ರಬ್ಬರ್ ಬೋಟಾ?

ಎರಡು ಒಡಲು ಜೋಡಿಸಿದ ಬೋಟ್ ಕ್ಯಾಟಮರಾನ್, ಅಲ್ಲಾಡುವುದು ಕಡಿಮೆ. ನೆರಳಿರುತ್ತದೆ, ಹೆಚ್ಚಿನವುಗಳಲ್ಲಿ ಶೌಚಾಲಯವೂ ಇರುತ್ತದೆ. ನೀರಿಗೆ ಇಳಿಯದೆ ಸುಮ್ಮನೆ ಕೂರುವವರು ಜೊತೆಗಿದ್ದರೆ ಅದೇ ಸರಿ. ಆದರೆ ಜನ ಜಾಸ್ತಿ, ಬಂಡೆಯ ಹತ್ತಿರ ಹೋಗುವುದು ಕಷ್ಟ.

ಬದಿಗೆ ಗಾಳಿ ತುಂಬಿದ ರಬ್ಬರ್ ಬೋಟನ್ನು ಇಲ್ಲಿ ಸೋಡಿಯಾಕ್ ಅನ್ನುತ್ತಾರೆ. ಸಣ್ಣ ಸಂದಿಗೂ ನುಗ್ಗುತ್ತದೆ, ಬೇಗ ಮುಟ್ಟಿಸುತ್ತದೆ. ಅಲೆ ಇದ್ದರೆ ಮಾತ್ರ ಹಳ್ಳದ ರಸ್ತೆಯಲ್ಲಿ ಜೀಪ್ ಹೋದ ಹಾಗೆ. ಬೆನ್ನು ನೋವಿನವರು, ಬಸುರಿಯರು ಬೇಡವೇ ಬೇಡ. ಉಳಿದವರು, ಮೀನು ನೋಡಲೆಂದೇ ಬಂದಿದ್ದರೆ, ಇದನ್ನೇ ಹತ್ತಿ.

ಬೋಟ್ ಯಾವುದೇ ಇರಲಿ, ನೀರಿನಿಂದ ಮೇಲೆ ಹತ್ತಲು ಏಣಿ ಇದೆಯಾ ಕೇಳಿ. ಇಳಿಯುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. ಹತ್ತುವಾಗ ಇಬ್ಬರು ಮೇಲಿನಿಂದ ಎಳೆದು, ಒಬ್ಬರು ಕೆಳಗಿನಿಂದ ತಳ್ಳಬೇಕಾಗುತ್ತದೆ.

ತಲೆಗೆ ಎಷ್ಟಾಗುತ್ತೆ?

ನಾನು ಕಂಡ ಹಾಗೆ ಗೈಡ್ ಜೊತೆ ಎರಡು ಗಂಟೆಯ ಟ್ರಿಪ್ಪಿಗೆ 35ರಿಂದ 50 ಯೂರೊ. ಮಾಸ್ಕ್, ಫಿನ್, ವೆಟ್‌ಸೂಟ್, ವಿಮೆ, ಪಾರ್ಕಿನ ಶುಲ್ಕ ಇದರಲ್ಲೇ ಸೇರಿದೆಯಾ ಎಂದು ಕೇಳಿ. ಕೆಲವರು ವೆಟ್‌ಸೂಟ್‌ಗೆ ಬೇರೆ ಕೇಳುತ್ತಾರೆ. ಕಡಿಮೆ ದರದ ಟ್ರಿಪ್ಪಿನಲ್ಲಿ ಹೀಗೆ ಒಂದೊಂದೇ ಸೇರಿಸಿದರೆ ಕೊನೆಗೆ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ.

ಅಪ್ಪ ಅಮ್ಮನೂ ಬರ್ತಿದ್ದಾರೆ. ಅವರಿಗೇನು ಮಾಡೋದು?

ಲೆಸ್ತಾರ್ತಿತ್‌ನಲ್ಲಿ ನೀರೊಳಗೆ ಕಾಣುವ ಗಾಜಿನ ಕಿಟಕಿಯ ಬೋಟ್‌ಗಳಿವೆ. ದ್ವೀಪದ ಹತ್ತಿರ ನಿಲ್ಲಿಸಿದಾಗ ಕೆಳಗಿಳಿದು ಕೂತರೆ ಕಿಟಕಿಯಲ್ಲೇ ಮೀನು. ಬಟ್ಟೆ ಒದ್ದೆಯಾಗುವುದಿಲ್ಲ, ಸೀರೆಯಲ್ಲೇ ಹೋಗಬಹುದು. ನಮ್ಮ ಅತ್ತೆ ಹೋಗಿಬಂದು ವಾರವಿಡೀ ಊರಿಗೆಲ್ಲ ಫೋನ್ ಮಾಡಿದ್ದರು. ಏಣಿ ಕಡಿದಾಗಿರುತ್ತದೆ, ಮಂಡಿ ನೋವಿದ್ದರೆ ಮೊದಲೇ ನೋಡಿಕೊಳ್ಳಿ. ನೀವು ಸ್ನಾರ್ಕ್ಲಿಂಗ್‌ಗೆ ಹೋದ ಹೊತ್ತಿಗೇ ಅವರನ್ನು ಇದರಲ್ಲಿ ಕೂರಿಸಿದರೆ ಇಬ್ಬರ ಕೆಲಸವೂ ಒಟ್ಟಿಗೆ ಮುಗಿಯುತ್ತದೆ.

ಬೆಳಿಗ್ಗೆ ಒಳ್ಳೇದಾ, ಮಧ್ಯಾಹ್ನ ಒಳ್ಳೇದಾ?

ಬೆಳಿಗ್ಗೆ. ಇದರಲ್ಲಿ ಎರಡು ಮಾತಿಲ್ಲ.

ಇಲ್ಲಿನ ಮೀನುಗಾರರಿಗೆ ಪ್ರತಿ ಗಾಳಿಗೂ ಒಂದು ಹೆಸರಿದೆ. ನಿಮಗೆ ಮೂರು ಗೊತ್ತಿದ್ದರೆ ಸಾಕು. ಬೇಸಿಗೆಯ ಮಧ್ಯಾಹ್ನ ನೈಋತ್ಯದಿಂದ ಬೀಸುವುದು ಗರ್ಬಿ. ನೆಲ ಕಾದ ಮೇಲೆ ಏಳುವ ಗಾಳಿ ಇದು. ಹನ್ನೆರಡು ಗಂಟೆಯವರೆಗೆ ಕನ್ನಡಿಯಂತಿದ್ದ ನೀರು ಮೂರಕ್ಕೆ ಕುಣಿಯುತ್ತಿರುತ್ತದೆ. ಎರಡನೆಯದು ತ್ರಾಮುಂತಾನಾ, ಉತ್ತರದ ಗಾಳಿ. ತಣ್ಣಗೆ, ಒಣಗೆ, ಜೋರು. ಆಕಾಶ ಶುಭ್ರವಾಗಿರುತ್ತದೆ, ಅದೇ ಮೋಸ. ಬಿಸಿಲಿದೆಯಲ್ಲ, ಬೋಟ್ ಯಾಕೆ ಬಿಡಲ್ಲ ಎಂದು ಜಗಳಕ್ಕೆ ನಿಲ್ಲುವವರು ಈ ಗಾಳಿ ಬೀಸುವ ದಿನ ಬಂದವರು. ಮೂರನೆಯದು ಯೆವಾಂತ್, ಪೂರ್ವದ್ದು. ತೆರೆದ ಕಡಲಿನಿಂದ ದೊಡ್ಡ ಅಲೆಗಳನ್ನು ತಂದು ಬಂಡೆಗೆ ಅಪ್ಪಳಿಸುತ್ತದೆ. ಇದು ನಿಂತ ಮೇಲೂ ಒಂದೆರಡು ದಿನ ನೀರು ಕದಡಿರುತ್ತದೆ. ಗಾಳಿ ನಿಂತಿತಲ್ಲ ಎಂದು ಮರುದಿನವೇ ಹೋದರೆ ದುಡ್ಡು ದಂಡ.

ಗಾಳಿ ಅಂತ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರುತ್ತಾ?

ಅವರೇ ರದ್ದು ಮಾಡಿದರೆ ಸಾಮಾನ್ಯವಾಗಿ ಬೇರೆ ದಿನ ಕೊಡುತ್ತಾರೆ, ಇಲ್ಲ ದುಡ್ಡು ಮರಳಿಸುತ್ತಾರೆ. ಇದನ್ನು ಬುಕ್ ಮಾಡುವಾಗಲೇ ಬರಹದಲ್ಲಿ ನೋಡಿಕೊಳ್ಳಿ. ಬೋಟ್ ಟ್ರಿಪ್ಪನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬೇಡಿ, ಮುಂದೂಡಲು ಜಾಗವೇ ಇರುವುದಿಲ್ಲ. ರದ್ದು ಮಾಡುವ ಕ್ಯಾಪ್ಟನ್ ಮೇಲೆ ಕೋಪ ಬೇಡ. ಯಾವ ಗಾಳಿಗೂ ಬೋಟ್ ಬಿಡುವವನ ಮೇಲೆ ಇರಲಿ.

ಮಕ್ಕಳನ್ನು ಎಷ್ಟು ವಯಸ್ಸಿಗೆ ಕರ್ಕೊಂಡು ಹೋಗಬಹುದು?

ಆರರಿಂದ ಎಂಟು ವರ್ಷದ ಮೇಲೆ ಎನ್ನುವ ಕಡೆಗಳು ಜಾಸ್ತಿ. ವಯಸ್ಸಿಗಿಂತ ಮಾಸ್ಕಿನ ಅಳತೆ ಮುಖ್ಯ. ದೊಡ್ಡವರ ಮಾಸ್ಕ್ ಮಗುವಿನ ಮುಖದಲ್ಲಿ ನೀರು ಸೋರಿದರೆ, ಆ ಮಗು ಮತ್ತೆ ಎರಡು ವರ್ಷ ಸಮುದ್ರಕ್ಕೆ ಇಳಿಯುವುದಿಲ್ಲ. ಮಕ್ಕಳ ಅಳತೆಯದ್ದು ಇದೆಯಾ ಎಂದು ಕೇಳಿ, ಇಲ್ಲದಿದ್ದರೆ ಅಂಗಡಿಯಲ್ಲಿ ಕೊಂಡುಬಿಡಿ.

ನಾವು ಸಸ್ಯಾಹಾರಿಗಳು. ಬೋಟಿನಲ್ಲಿ ಊಟ ಸಿಗುತ್ತಾ?

ಎರಡು ಗಂಟೆಯ ಟ್ರಿಪ್ಪಿನಲ್ಲಿ ಊಟವೇ ಇರುವುದಿಲ್ಲ, ಒಳ್ಳೆಯದೇ ಆಯಿತು. ಇಡೀ ದಿನದ್ದಾದರೆ ಟೊಮೇಟೊ ಹಣ್ಣು ಉಜ್ಜಿ ಎಣ್ಣೆ ಸುರಿದ ಬ್ರೆಡ್ ಸಿಗುತ್ತದೆ, ಪಾಮ್ ತುಮಾಕತ್ ಅಂತ. ರುಚಿಯಾಗಿರುತ್ತದೆ. ಅದರ ಮೇಲೆ ಹಂದಿಯ ಹ್ಯಾಮ್ ಇಡುವುದು ಇಲ್ಲಿನ ಅಭ್ಯಾಸ, ಮೊದಲೇ ಹೇಳಿ. ನಮ್ಮ ಮನೆಯಿಂದ ಹೊರಡುವವರ ಚೀಲದಲ್ಲಿ ಚಿತ್ರಾನ್ನ ಇದ್ದೇ ಇರುತ್ತದೆ. ಅದನ್ನು ನೀರಿನಿಂದ ಎದ್ದ ಮೇಲೆ ತಿನ್ನಿ. ಹಣ್ಣು ಬೆರೆಸಿದ ವೈನ್, ಸಾಂಗ್ರಿಯಾ, ಕೊಡುವ ಬೋಟಿನಲ್ಲಿ ಅದೂ ಅಷ್ಟೇ, ಕೊನೆಗೆ.

## ಹೊರಡುವ ದಿನ

ಬಸ್ಸಲ್ಲೇ ವಾಂತಿ ಆಗುತ್ತೆ ನನಗೆ. ಬೋಟಲ್ಲಿ?

ಬೋಟ್ ಓಡುವಾಗ ಅಷ್ಟಾಗಿ ಆಗುವುದಿಲ್ಲ. ನಿಂತು ತೂಗಾಡುವಾಗ ಶುರುವಾಗುತ್ತದೆ. ಇಲ್ಲಿನ ಔಷಧಿ ಅಂಗಡಿಯಲ್ಲಿ ಬಿಯೊಡ್ರಾಮಿನಾ ಎಂಬ ಮಾತ್ರೆ ಸಿಗುತ್ತದೆ. ನಿದ್ದೆ ಬರಿಸುತ್ತದೆ, ಕೆಫೀನ್ ಬೆರೆತದ್ದೂ ಇದೆ. ಬೇರೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ. ಹೊರಡುವ ಅರ್ಧ ಮುಕ್ಕಾಲು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿಯಷ್ಟು ಲಘುವಾಗಿ ತಿನ್ನಿ. ಬೋಟಿನ ಹಿಂಭಾಗದಲ್ಲಿ ಕೂತು ದೂರದ ದಡ ನೋಡಿ, ಫೋನ್ ನೋಡಬೇಡಿ.

ಕನ್ನಡಕ ಇದೆ, ಮೀಸೆನೂ ಇದೆ. ಮಾಸ್ಕ್ ಕೂರುತ್ತಾ?

ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ಪವರ್ ಇರುವ ಮಾಸ್ಕ್ ಕೆಲವರ ಬಳಿ ಇರುತ್ತದೆ, ಮೊದಲೇ ನಂಬರ್ ಹೇಳಿಡಿ. ನೀರಿನೊಳಗೆ ವಸ್ತುಗಳು ಹತ್ತಿರ, ದೊಡ್ಡದಾಗಿ ಕಾಣುವುದರಿಂದ ಕಡಿಮೆ ಪವರಿನವರು ಹಾಗೇ ನಡೆಸಿಬಿಡಬಹುದು.

ಮೀಸೆ ಇನ್ನೊಂದು ಕಥೆ. ರಬ್ಬರಿನ ಅಂಚು ಚರ್ಮಕ್ಕೆ ಅಂಟಬೇಕು, ಮಧ್ಯೆ ಕೂದಲಿದ್ದರೆ ನೀರು ಸೋರುತ್ತದೆ. ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿದರೂ ಸಾಕು. ಅಷ್ಟೂ ಒಪ್ಪದವರು ಅಲ್ಲಿ ಸ್ವಲ್ಪ ವ್ಯಾಸಲಿನ್ ಹಚ್ಚಿಕೊಳ್ಳುತ್ತಾರೆ.

ಮಾಸ್ಕ್ ಸರಿಯಿದೆಯಾ ನೋಡುವ ಕ್ರಮ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮದು. ಗಾಜು ಮಂಜಾಗದಂತೆ ಒಳಗೆ ಉಗುಳಿ, ಉಜ್ಜಿ, ನೀರಲ್ಲಿ ಅದ್ದಿ ತೆಗೆಯಿರಿ. ಅಸಹ್ಯ ಅನ್ನಬೇಡಿ, ಎಲ್ಲರೂ ಮಾಡುವುದು ಅದನ್ನೇ. ಇಡೀ ಮುಖ ಮುಚ್ಚುವ ಮಾಸ್ಕ್ ನನಗೆ ಇಷ್ಟವಿಲ್ಲ. ಬಿಟ್ಟ ಉಸಿರು ಸರಿಯಾಗಿ ಹೊರಹೋಗದ ಅಗ್ಗದ ಮಾಸ್ಕುಗಳು ಬಂದಿವೆ, ಕೆಲವು ಬೋಟಿನವರು ಅದನ್ನು ಹಾಕಲು ಬಿಡುವುದೂ ಇಲ್ಲ.

ಸ್ವಿಮ್‌ಸೂಟ್ ಹಾಕಲೇಬೇಕಾ? ನನಗೆ ಮುಜುಗರ.

ಬೇಡ. ಲೆಗ್ಗಿಂಗ್ಸ್, ಮೈಗೆ ಅಂಟುವ ತುಂಬು ತೋಳಿನ ಈಜುಬಟ್ಟೆ ಹಾಕಿ, ಯಾರೂ ತಿರುಗಿ ನೋಡುವುದಿಲ್ಲ. ಬೆನ್ನು ಸುಡುವುದೂ ತಪ್ಪುತ್ತದೆ. ಬೋರಲು ತೇಲುವಾಗ ಬಿಸಿಲು ಬೀಳುವುದು ಬೆನ್ನಿಗೆ, ತೊಡೆಯ ಹಿಂಭಾಗಕ್ಕೆ. ಸಂಜೆ ಕುರ್ಚಿಯಲ್ಲಿ ಕೂರಲಾಗದೆ ಒದ್ದಾಡುವವರು ಇದನ್ನು ಮರೆತವರು. ಅದರ ಮೇಲೆ ವೆಟ್‌ಸೂಟ್ ಹಾಕಿದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಮೂರು ಮಿಲಿಮೀಟರಿನದು ಬೇಸಿಗೆಗೆ ಸಾಕು, ತೇಲಲೂ ಸಹಾಯ. ಹತ್ತಿ ಚೂಡಿದಾರ್, ಜೀನ್ಸ್ ಮಾತ್ರ ಬೇಡ. ನೀರು ಕುಡಿದು ಭಾರವಾಗುತ್ತದೆ.

ಜೆಲ್ಲಿಫಿಶ್ ಕಚ್ಚಿದ್ರೆ?

ಇಲ್ಲಿ ಉರಿಸುವುದು ಮುಖ್ಯವಾಗಿ ಪೆಲಾಜಿಯಾ ಎಂಬ ನೇರಳೆ ಬಣ್ಣದ್ದು. ಅಂಗೈಯಷ್ಟು ದೊಡ್ಡದು, ರಾತ್ರಿ ಹೊಳೆಯುತ್ತದೆ. ಅದರ ದಾರದಂಥ ಎಳೆಗಳು ತಗುಲಿದರೆ ಕಾದ ಕಬ್ಬಿಣ ಮುಟ್ಟಿದ ಹಾಗೆ. ಪ್ರಾಣಕ್ಕೆ ಅಪಾಯ ಅಪರೂಪ, ಆದರೆ ಒಂದು ದಿನ ಹಾಳು.

ತಗುಲಿದರೆ ಸಮುದ್ರದ ನೀರಿನಲ್ಲೇ ತೊಳೆಯಿರಿ. ಬಾಟಲಿಯ ನೀರು ಸುರಿಯಬೇಡಿ. ಸಿಹಿನೀರು ಬಿದ್ದರೆ ಚರ್ಮದ ಮೇಲೆ ಉಳಿದ ವಿಷದ ಕೋಶಗಳೂ ಸಿಡಿಯುತ್ತವೆ. ಟವೆಲಿನಿಂದ ಉಜ್ಜಬೇಡಿ. ಈ ಜಾತಿಗೆ ವಿನೆಗರ್ ಕೂಡ ಬೇಡ. ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಟ್ಟೆ ಸುತ್ತಿ ಇಡಿ. ಉಸಿರಾಟಕ್ಕೆ ತೊಂದರೆ, ಮೈಯೆಲ್ಲ ದದ್ದು ಬಂದರೆ 112ಕ್ಕೆ ಕರೆ ಮಾಡಿ.

ಬೋಟ್ ಹತ್ತುವಾಗ "ಆಯ್ ಮೆದೂಸಾಸ್?" ಎಂದು ಕೇಳಿ. ಜೆಲ್ಲಿಫಿಶ್ ಇವೆಯಾ ಅಂತ. ಕ್ಯಾಪ್ಟನ್‌ಗೆ ಅಂದಿನ ವರದಿ ಗೊತ್ತಿರುತ್ತದೆ. ಬುಲ್ಸ್‌ಐ ಹಾಕಿದ ಮೊಟ್ಟೆಯಂತೆ ನಡುವೆ ಹಳದಿ ಇರುವ ಇನ್ನೊಂದು ಜಾತಿ ಕಂಡರೆ ಹೆದರಬೇಡಿ, ಅದು ಹೆಚ್ಚು ಉರಿಸುವುದಿಲ್ಲ. ಆದರೂ ಮುಟ್ಟುವುದು ಬೇಡ.

## ಒಂದೆರಡು ಸಲ ಮಾಡಿದವರಿಗೆ

ನಾವೇ ಬೋಟ್ ಬಾಡಿಗೆಗೆ ತಗೊಂಡು ಓಡಿಸಬಹುದಂತೆ?

ಹೌದು. ಸ್ಪೇನಿನಲ್ಲಿ 5 ಮೀಟರ್ ಒಳಗಿನ, 15 ಹಾರ್ಸ್‌ಪವರ್ ಎಂಜಿನ್ನಿನ ಬೋಟಿಗೆ ಲೈಸೆನ್ಸ್ ಬೇಡ. 18 ವರ್ಷ ಆಗಿರಬೇಕು, ಹಗಲಿನಲ್ಲಿ ಮಾತ್ರ, ಬಂದರಿನಿಂದ ಎರಡು ನಾಟಿಕಲ್ ಮೈಲಿಯೊಳಗೆ (ಸುಮಾರು 3.7 ಕಿ.ಮೀ.). ಹದಿನೈದು ನಿಮಿಷ ಹೇಳಿಕೊಟ್ಟು ಕೀಲಿ ಕೈಗಿಡುತ್ತಾರೆ.

ಕೇಳಲು ಮಜಾ. ಆದರೆ ಎಲ್ಲರೂ ನೀರಿಗೆ ಇಳಿದರೆ ಬೋಟ್ ನೋಡಿಕೊಳ್ಳುವವರು ಯಾರು? ಲಂಗರು ಜಾರಿದರೆ ಬೋಟ್ ತನ್ನ ದಾರಿ ಹಿಡಿಯುತ್ತದೆ. ಒಬ್ಬರಾದರೂ ಮೇಲೇ ಇರಬೇಕು, ಎಂಜಿನ್ ಆಫ್ ಆಗಿರಬೇಕು. ಬೀಚಿನಿಂದ 200 ಮೀಟರ್, ಬೇರೆ ಕಡೆ ದಡದಿಂದ 50 ಮೀಟರ್ ಒಳಗಿನ ಜಾಗ ಈಜುವವರದ್ದು, ಅಲ್ಲಿ ಮೂರು ನಾಟ್‌ಗಿಂತ (ಗಂಟೆಗೆ ಸುಮಾರು ಐದೂವರೆ ಕಿ.ಮೀ.) ವೇಗ ಹೋಗುವಂತಿಲ್ಲ. ಈ ಕರಾವಳಿಯ ಬೇಗೂರ್ ಎಂಬ ಊರಿನ ಹತ್ತಿರದ ಕೊಲ್ಲಿಗಳಿಗೆ ಇದು ಸರಿ. ಮೆಡೆಸ್‌ಗೆ ಮಾತ್ರ ಪರವಾನಗಿ ಇರುವ ಬೋಟಿನಲ್ಲೇ ಹೋಗಿ.

ಲಂಗರು ಎಲ್ಲಿ ಹಾಕಿದ್ರೇನು? ಕೆಳಗೆ ಬರೀ ಹುಲ್ಲು ತಾನೇ?

ಆ ಹುಲ್ಲೇ ಇಲ್ಲಿನ ಆಸ್ತಿ. ಹೆಸರು ಪೊಸಿಡೋನಿಯಾ. ಪಾಚಿಯಲ್ಲ, ಹೂ ಬಿಡುವ, ಬೇರು ಬಿಡುವ ಗಿಡ. ಮೆಡಿಟರೇನಿಯನ್ ಬಿಟ್ಟರೆ ಈ ಜಾತಿ ಬೇರೆಲ್ಲೂ ಇಲ್ಲ. ಮೀನು ಮರಿಗಳು ಬೆಳೆಯುವುದು ಇದರ ಮರೆಯಲ್ಲಿ. ಹರಡುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಒಂದು ಲಂಗರು ಎಳೆದು ಕಿತ್ತ ಜಾಗ ತುಂಬಲು ಒಬ್ಬರ ಆಯುಷ್ಯ ಸಾಲದು. ಒಳ್ಳೆಯ ಬೋಟಿನವರು ಮೊದಲೇ ಕಟ್ಟಿಟ್ಟ ತೇಲುಬುರುಡೆಗೆ ಹಗ್ಗ ಕಟ್ಟುತ್ತಾರೆ, ಇಲ್ಲದಿದ್ದರೆ ಬಿಳಿ ಮರಳು ನೋಡಿ ಲಂಗರು ಇಳಿಸುತ್ತಾರೆ. ಎರಡನೇ ಟ್ರಿಪ್ಪಿಗೆ ಬೋಟ್ ಆರಿಸುವಾಗ ನಾನು ಗಮನಿಸುವುದು ಇದನ್ನೇ.

ಮೆಡೆಸ್ ಆಯ್ತು. ಕಾಪ್ ದೆ ಕ್ರೆಯುಸ್ ಅದಕ್ಕಿಂತ ಚೆನ್ನಾಗಿದೆಯಾ?

ಫ್ರಾನ್ಸ್ ಗಡಿಯ ಹತ್ತಿರದ ಭೂಶಿರ ಅದು. ನೋಟಕ್ಕೆ ಹೌದು. ಗಾಳಿ ಕೆತ್ತಿದ ಬಂಡೆಗಳು, ಮನುಷ್ಯರಿಲ್ಲದ ಕೊಲ್ಲಿಗಳು. ರೋಸೆಸ್ ಅಥವಾ ಕಡಾಕೆಸ್‌ನಿಂದ ಬೋಟ್ ಸಿಗುತ್ತದೆ. 1998ರಿಂದ ಅದೂ ನ್ಯಾಚುರಲ್ ಪಾರ್ಕ್. ಆದರೆ ತ್ರಾಮುಂತಾನಾದ ತವರೇ ಅದು, ನೀರು ಒಂದೆರಡು ಡಿಗ್ರಿ ತಣ್ಣಗೆ. ಮೀನಿನ ಸಂಖ್ಯೆ, ಗಾತ್ರ ಎರಡರಲ್ಲೂ ಮೆಡೆಸ್ ಮುಂದೆ. ಎರಡು ದಿನ ಗಾಳಿಯಿಲ್ಲ ಎಂದು ಮುನ್ಸೂಚನೆ ಇದ್ದರೆ ಹೋಗಿ, ಇಲ್ಲದಿದ್ದರೆ ಮೆಡೆಸ್‌ಗೇ ಎರಡನೇ ಸಲ ಹೋಗಿ.

ಏನೇನು ಕಾಣಿಸುತ್ತೆ? ಹವಳ ಇದೆಯಂತಲ್ಲ?

ಮೈಮೇಲೆ ಚಿನ್ನದ ಗೆರೆ ಎಳೆದ ಸಾಲ್ಪಾ ಮೀನಿನ ಹಿಂಡು ದನಗಳ ಹಾಗೆ ಮೇಯುತ್ತಿರುತ್ತದೆ. ಬೇಸಿಗೆಯ ಕೊನೆಗೆ ಬಂಡೆಯ ನೆರಳಲ್ಲಿ ಕಡುನೀಲಿ ಚುಕ್ಕೆಗಳು ಕಂಡರೆ ಅವು ಕ್ರೋಮಿಸ್ ಮರಿಗಳು. ದೊಡ್ಡದಾದ ಮೇಲೆ ಆ ಬಣ್ಣ ಹೋಗಿ ಕಂದಾಗುತ್ತವೆ. ಬಿರುಕಿನಲ್ಲಿ ಆಕ್ಟೋಪಸ್, ಕೆಂಪು ನಕ್ಷತ್ರ ಮೀನು, ಒಮ್ಮೊಮ್ಮೆ ಬಾಯಿ ತೆರೆದ ಹಾವುಮೀನು. ಮೆಡೆಸ್‌ನ ಯಜಮಾನ ಮಾತ್ರ ಮೆರೋ. ಮಂಗಳೂರಿನವರು ಮುರು ಅನ್ನುತ್ತಾರಲ್ಲ, ಆ ಬಳಗದ ದೊಡ್ಡ ಮೀನು. ಬದುಕು ಶುರುಮಾಡುವುದು ಹೆಣ್ಣಾಗಿ, ವಯಸ್ಸಾದ ಮೇಲೆ ಗಂಡಾಗುತ್ತದೆ.

ಕೆಂಪು ಹವಳ ಇದೆ. ಆದರೆ ಗುಹೆಯ ಒಳಗೆ, ಕತ್ತಲಲ್ಲಿ, ಆಳದಲ್ಲಿ. ಸ್ನಾರ್ಕ್ಲಿಂಗ್‌ನಲ್ಲಿ ಕಾಣುವುದು ಅಪರೂಪ. ಅಜ್ಜಿಯರ ಕೊರಳಿನ ಹವಳದ ಸರ ನೆನಪಿದೆಯಾ? ಆ ಕೆಂಪು ಹವಳ ಹುಟ್ಟುವುದು ನಮ್ಮ ಕಡಲಿನಲ್ಲಲ್ಲ. ಶತಮಾನಗಳಿಂದ ಭಾರತಕ್ಕೆ ಬಂದದ್ದು ಈ ಮೆಡಿಟರೇನಿಯನ್ನಿನಿಂದ. ರೋಮಿನ ಹೆಂಗಸರಿಗೆ ಭಾರತದ ಮುತ್ತು ಹೇಗೋ ಭಾರತದ ಜನಕ್ಕೆ ಹವಳ ಹಾಗೆ ಎಂದು ರೋಮಿನ ಲೇಖಕ ಪ್ಲಿನಿ ಮೊದಲನೇ ಶತಮಾನದಲ್ಲೇ ಬರೆದಿದ್ದಾನೆ. ಬೋಟಿನಲ್ಲಿ ನಾನು ಇದನ್ನು ಹೇಳಿದಾಗ ಕ್ಯಾಪ್ಟನ್ ನಕ್ಕು, ತನ್ನ ಅಜ್ಜನ ಕಾಲದಲ್ಲಿ ಹವಳ ತೆಗೆಯುವವರಿದ್ದರು ಎಂದ.

2022ರ ಬೇಸಿಗೆಯಲ್ಲಿ ನೀರು ವಿಪರೀತ ಕಾದು, ಬಂಡೆಗಳ ಮೇಲಿನ ಬೀಸಣಿಗೆಯಂಥ ಗೋರ್ಗೋನಿಯಾಗಳು, ಹವಳದ ಬಳಗದ ಜೀವಿಗಳು, ತುಂಬಾ ಸತ್ತವು. ಗೈಡ್ ತೋರಿಸುವ ಬೂದು ಬಣ್ಣದ ಒಣ ಕೊಂಬೆಗಳು ಅವೇ.

ಉಸಿರು ಹಿಡಿದು ಕೆಳಗೆ ಮುಳುಗಬಹುದಾ?

ಗೈಡ್ ಒಪ್ಪಿದರೆ, ಲೈಫ್ ಜಾಕೆಟ್ ಬಿಚ್ಚಿ, ಇಬ್ಬರಿಬ್ಬರಾಗಿ. ಒಬ್ಬರು ಮುಳುಗಿದಾಗ ಇನ್ನೊಬ್ಬರು ಮೇಲಿನಿಂದ ಕಣ್ಣಿಟ್ಟಿರಬೇಕು. ಜಾಸ್ತಿ ಹೊತ್ತು ಇರಲು ಜೋರಾಗಿ ಉಸಿರೆಳೆದು ಬಿಟ್ಟು ಮಾಡಬೇಡಿ, ನೀರಿನಲ್ಲೇ ಎಚ್ಚರ ತಪ್ಪುತ್ತದೆ. ಮೂರು ನಾಲ್ಕು ಮೀಟರಿಗೆ ಕಾಲಿಗೆ ಫಕ್ಕನೆ ತಣ್ಣಗಾದರೆ ಗಾಬರಿ ಬೇಡ. ಮೇಲಿನ ಬಿಸಿನೀರಿನ ಪದರ ಮುಗಿದು ಕೆಳಗಿನ ತಣ್ಣನೆಯದು ಶುರುವಾಯಿತು ಅಷ್ಟೇ. ಮೇಲೆ ಬರುವಾಗ ತಲೆ ಎತ್ತಿ ಬೋಟ್ ಇದೆಯಾ ನೋಡಿ.

ಮರುದಿನವೇ ಬೆಂಗಳೂರಿಗೆ ಫ್ಲೈಟ್ ಇದೆ. ತೊಂದರೆ ಇಲ್ವಾ?

ಸ್ನಾರ್ಕ್ಲಿಂಗ್‌ಗೆ ಇಲ್ಲ. ವಿಮಾನ ಹತ್ತುವ ಮುಂಚೆ 18ರಿಂದ 24 ಗಂಟೆ ಬಿಡಬೇಕಾದದ್ದು ಸಿಲಿಂಡರ್ ಕಟ್ಟಿ ಇಳಿದವರು. ನಿಮ್ಮ ತೊಂದರೆ ಬೇರೆ: ಒಣಗದ ಈಜುಬಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಸೂಟ್‌ಕೇಸಿನ ತಳಕ್ಕೆ ಹಾಕಿ, ಮನೆಗೆ ಹೋದ ಕೂಡಲೇ ತೆಗೆಯಿರಿ. ನಾನು ಒಂದು ಸಲ ವಾರ ಬಿಟ್ಟು ತೆಗೆದಿದ್ದೆ.